ಕೊಡುಗೈ ಅಂಗಳ

ಕಲ್ಲುಗುಡ್ಡದ ನೆತ್ತಿಯ ಮೇಲೆ ಒಂದು ಊರು. ಊರು ಮೇಲಿತ್ತು, ನೀರು ಕೆಳಗಿತ್ತು. ಕೆಳಗಿನ ನೀರನ್ನು ಮೇಲಕ್ಕೆ ತರಲು ಹಿಂದಿನವರು ದೊಡ್ಡ ರಾಟೆಯೊಂದನ್ನು ಕಟ್ಟಿ ಹೋಗಿದ್ದರು. ಎತ್ತುಗಳು ಸುತ್ತುತ್ತಿದ್ದವು, ರಾಟೆ ತಿರುಗುತ್ತಿತ್ತು, ಹಗ್ಗ ಏರುತ್ತಿತ್ತು. ಹಗ್ಗಕ್ಕೆ ಕಟ್ಟಿದ ಚರ್ಮದ ಚೀಲಗಳು ಒಂದರ ಹಿಂದೊಂದು ಬಂದು ಊರ ನಡುವಿನ ತೊಟ್ಟಿಗೆ ನೀರು ಸುರಿಯುತ್ತಿದ್ದವು.

ಹಗ್ಗ ಆಗಾಗ ಜಾಡು ತಪ್ಪುತ್ತಿತ್ತು. ತಪ್ಪಿದ ಹಗ್ಗವನ್ನು ಯಾರಾದರೂ ಅಂಗೈಯಿಂದ ಒತ್ತಿ ರಾಟೆಯ ಜಾಡಿನಲ್ಲಿ ಮತ್ತೆ ಕೂರಿಸಬೇಕು. ರಾಟೆಯನ್ನು ನಿಲ್ಲಿಸಿ ಕೂರಿಸಿದರೆ ಅದೊಂದು ಕೆಲಸವೇ ಅಲ್ಲ. ನಿಲ್ಲಿಸಲು ಗೂಟವೂ ಇತ್ತು. ರಾಟೆಯ ಕಡ್ಡಿಗಳ ನಡುವೆ ಅದನ್ನು ತೂರಿಸಿದರೆ ಸಾಕು, ಎತ್ತುಗಳು ನಿಲ್ಲುತ್ತವೆ, ಹಗ್ಗ ನಿಲ್ಲುತ್ತದೆ. ಆದರೆ ರಾಟೆ ನಿಂತರೆ ತೊಟ್ಟಿಯ ನೀರು ಒಂದು ಗೇಣು ಇಳಿಯುತ್ತದೆ. ಅದು ಊರಿಗೆ ಒಪ್ಪಿಗೆಯಾಗಿರಲಿಲ್ಲ. ಅದಕ್ಕೇ ಗೂಟಕ್ಕೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಹೂವಿನ ಹಾರ ಹಾಕಿ ಗೋಡೆಗೆ ತೂಗುಹಾಕಿದ್ದರು. ದಿನವೂ ಅದಕ್ಕೆ ಕೈಮುಗಿಯುತ್ತಿದ್ದರು. ಯಾರೂ ಅದನ್ನು ಇಳಿಸುತ್ತಿರಲಿಲ್ಲ.

ಹಗ್ಗ ಹೊಸೆದ ಮನೆಯವರೇ ಅದನ್ನು ತಿರುಗುವ ರಾಟೆಗೆ ಕೂರಿಸುತ್ತಿದ್ದರು, ಎತ್ತು ಹೂಡಿದ ಮನೆಯವರೇ ರಾಟೆಯ ಅಡಿಯ ಮರದ ಮಣೆಗಳನ್ನು ಕಾಲಿನಿಂದ ಒದ್ದು ನೆಟ್ಟಗಿಡುತ್ತಿದ್ದರು. ಅವರಿಲ್ಲದಾಗ ಹತ್ತಿರ ಇದ್ದವರು ಕೈ ಹಾಕುತ್ತಿದ್ದರು. ಹಾಗೆ ಮಾಡುವಾಗ ರಾಟೆ ಕೆಲವೊಮ್ಮೆ ಒಂದು ಕೈಯನ್ನೋ ಒಂದು ಕಾಲನ್ನೋ ತೆಗೆದುಕೊಳ್ಳುತ್ತಿತ್ತು. ತೆಗೆದುಕೊಳ್ಳುತ್ತಿತ್ತು ಎಂದು ಆ ಊರಿನಲ್ಲಿ ಹೇಳುವಂತಿರಲಿಲ್ಲ. ‘ಕೊಟ್ಟರು’ ಎನ್ನಬೇಕಿತ್ತು. ಕೊಟ್ಟ ಕೈಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಡುಗೈ ಅಂಗಳದಲ್ಲಿ ಹೂಳುತ್ತಿದ್ದರು. ಅಂಗಳದ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ಕೈಯೊಂದಿತ್ತು. ಐದೂ ಬೆರಳು ಅರಳಿದ, ಏನನ್ನೂ ಹಿಡಿಯದ, ತೆರೆದ ಕೈ. ಅದರ ಕೆಳಗೆ ಮೂರು ಮಾತು:

ಕೊಟ್ಟದ್ದು ನೋಯುವುದಿಲ್ಲ.
ನೊಂದರೆ ಅದು ಕೊಟ್ಟದ್ದಲ್ಲ, ಕಿತ್ತುಕೊಂಡದ್ದು.
ಕಿತ್ತುಕೊಂಡ ಊರಿನಲ್ಲಿ ರಾಟೆ ನಿಲ್ಲಬೇಕು.

ಮೊದಲ ಮಾತನ್ನು ಊರು ಹಾಡಿಕೊಳ್ಳುತ್ತಿತ್ತು. ಉಳಿದೆರಡು ಎಲ್ಲರಿಗೂ ಗೊತ್ತಿದ್ದವು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಕೇಳುವ ದಿನ ಬರುತ್ತಿತ್ತು. ಅಂದು ಬೆಳಿಗ್ಗೆ ಕೈ ಕೊಟ್ಟವರು, ಕಾಲು ಕೊಟ್ಟವರು ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಊರ ಹಿರಿಯ, ಕೇಳುವಾತ ಎಂದೇ ಅವನ ಹೆಸರು, ಒಬ್ಬೊಬ್ಬರ ಮುಂದೆಯೂ ನಿಂತು, “ಕೊಟ್ಟದ್ದು ನೋಯುತ್ತದೆಯೇ?” ಎಂದು ಕೇಳುತ್ತಿದ್ದ. “ಕೊಟ್ಟದ್ದು ನೋಯುವುದಿಲ್ಲ” ಎಂದು ಅವರು ಹೇಳುತ್ತಿದ್ದರು. ತಮಟೆ ಬಡಿಯುತ್ತಿತ್ತು. ಅಂಗಳದ ಎದುರಿನ ತೊಟ್ಟಿಯಿಂದ ಅವರ ಕೊಡಗಳಿಗೆ ಎಲ್ಲರಿಗಿಂತ ಮೊದಲು ನೀರು ಬೀಳುತ್ತಿತ್ತು. ಬೇರೆ ಉತ್ತರ ಯಾರೂ ಕೊಟ್ಟಿರಲಿಲ್ಲ, ಬೇರೆ ಉತ್ತರವನ್ನು ಯಾರೂ ಕೇಳಿರಲಿಲ್ಲ.

ಆ ಊರಿನಲ್ಲಿ ಹಗ್ಗದವಳು ಎಂಬೊಬ್ಬಳಿದ್ದಳು. ತೆಂಗಿನ ನಾರನ್ನು ನೆನೆಹಾಕಿ, ಬಡಿದು, ತೊಡೆಯ ಮೇಲೆ ಹೊಸೆದು ರಾಟೆಯ ಹಗ್ಗ ಮಾಡುವುದು ಅವಳ ಮನೆಯ ಕೆಲಸ. ಅವಳ ಅವ್ವನೂ ಅದನ್ನೇ ಮಾಡಿದ್ದಳು. ಅವ್ವ ತನ್ನ ಬಲಗೈಯನ್ನು ರಾಟೆಗೆ ಕೊಟ್ಟು, ಎಷ್ಟೋ ವರ್ಷ ಸಾಲಿನಲ್ಲಿ ನಿಂತು, ನೋಯುವುದಿಲ್ಲ ಎಂದು ಹೇಳಿ ಹೇಳಿ ತೀರಿಕೊಂಡಿದ್ದಳು. ಈಗ ಮನೆಯಲ್ಲಿದ್ದವರು ಹಗ್ಗದವಳು ಮತ್ತು ಅವಳ ತಂಗಿ.

ಅಂದು ಹಗ್ಗ ಜಾಡು ತಪ್ಪಿದಾಗ ಹಗ್ಗದವಳು ಎಂದಿನಂತೆ ಅಂಗೈ ಚಾಚಿ ಒತ್ತಿದಳು. ಹಗ್ಗ ಕೂರಲಿಲ್ಲ. ಬೆರಳುಗಳನ್ನು ಒಳಗೆಳೆಯಿತು. ಆಗ ಅವಳು ಹಗ್ಗವನ್ನು ಬಿಗಿಯಾಗಿ ಹಿಡಿದಳು, ರಾಟೆಯನ್ನು ತಾನೊಬ್ಬಳೇ ನಿಲ್ಲಿಸುವವಳಂತೆ.

“ಗೂಟ ಹಾಕ್ರೋ!” ಎಂದು ಕೂಗಿದಳು. “ಗೂಟ ಹಾಕ್ರೋ, ಗೂಟ!”

ಸುತ್ತಲೂ ಜನರಿದ್ದರು. ಗೂಟ ಅವರ ಕೈಗೆಟುಕುವಷ್ಟು ಹತ್ತಿರದಲ್ಲಿ, ಬೆಳಗಿನ ಹೂವಿನ ಹಾರದೊಂದಿಗೆ ತೂಗುತ್ತಿತ್ತು. ರಾಟೆ ಕೈ ಪಡೆಯುವಾಗ ಕೈಮುಗಿಯುವುದು ಆ ಊರಿನ ಪದ್ಧತಿ. ಅವರು ಕೈಮುಗಿದುಕೊಂಡು ನಿಂತರು.

ಅವಳಿಗೆ ಎಚ್ಚರವಾದಾಗ ಬಲಗೈ ಮೊಣಕೈಯ ತನಕ ಇರಲಿಲ್ಲ. ಹೂಳುವುದು ಮುಗಿದಿತ್ತು. ತಂಗಿ ಪಕ್ಕದಲ್ಲಿ ಕೂತು ಗಂಜಿ ಆರಿಸುತ್ತಿದ್ದಳು.

“ಪುಟ್ಟೀ, ನನ್ನ ಕೈ ಬಿಡಿಸೇ,” ಎಂದಳು ಹಗ್ಗದವಳು. “ಮುಷ್ಟಿ ಕಟ್ಟಿಬಿಟ್ಟಿದೆ. ಉಗುರು ಅಂಗೈಗೆ ಇಳೀತಿದೆ.”

ತಂಗಿ ಅವಳ ಎಡಗೈಯನ್ನು ಹಿಡಿದುಕೊಂಡಳು.

“ಅದಲ್ಲ. ಬಲಗೈ.”

ತಂಗಿ ಗಂಜಿಯ ಬಟ್ಟಲನ್ನು ಕೆಳಗಿಟ್ಟು ಅಕ್ಕನ ಮುಖ ನೋಡಿದಳು. ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಹಗ್ಗದವಳಿಗೂ ತಿಳಿಯಲಿಲ್ಲ. ಕಣ್ಣು ನೋಡಿದರೆ ಕೈ ಇಲ್ಲ. ಕಣ್ಣು ಮುಚ್ಚಿದರೆ ಕೈ ಅಲ್ಲೇ ಇದೆ, ಕಟ್ಟಿದ ಮುಷ್ಟಿ ಕಟ್ಟಿದಂತೆಯೇ, ಹಗ್ಗದ ಒರಟು ನಾರು ಅಂಗೈಯನ್ನು ಉಜ್ಜುತ್ತಿದೆ. ಬೆಂಕಿ ಹತ್ತಿದಂತೆ ಉರಿ. ಬೆರಳನ್ನು ಒಂದಿಷ್ಟು ಸಡಿಲಿಸಿದರೆ ಸಾಕು, ಉರಿ ಇಳಿಯುತ್ತದೆ ಎಂದು ಅವಳಿಗೆ ಗೊತ್ತು. ಆದರೆ ಇಲ್ಲದ ಬೆರಳಿಗೆ ಆಜ್ಞೆ ಕೊಡುವುದು ಹೇಗೆ?

ಆಗ ಅವಳಿಗೆ ಅವ್ವನ ಚಾಪೆ ನೆನಪಾಯಿತು. ಅವ್ವ ಚಾಪೆಯ ಬಲಗಡೆ ಯಾವಾಗಲೂ ಒಂದಿಷ್ಟು ಜಾಗ ಬಿಟ್ಟು ಮಲಗುತ್ತಿದ್ದಳು. “ಅಲ್ಲಿ ಒದ್ದೆ ಬಟ್ಟೆ ಹಾಕು ಮಗಾ. ಮೆಲ್ಲಗೆ ಒತ್ತು,” ಎನ್ನುತ್ತಿದ್ದಳು. ಮಗಳು ಬರಿಯ ಚಾಪೆಯ ಮೇಲೆ ಬಟ್ಟೆ ಹಾಸಿ ಒತ್ತುತ್ತಿದ್ದಳು. “ಅವ್ವಾ, ಇಲ್ಲಿ ಏನೂ ಇಲ್ವಲ್ಲ,” ಎಂದರೆ, “ಇಲ್ಲ. ನೀನು ಒತ್ತು,” ಎನ್ನುತ್ತಿದ್ದಳು.

“ಪುಟ್ಟೀ, ಒಂದು ಬಟ್ಟೆ ನೆನೆಸಿ ತಾ,” ಎಂದಳು ಹಗ್ಗದವಳು.

ತಂಗಿ ತಂದಳು. ಅಕ್ಕ ತೋರಿಸಿದ ಬರಿದಾದ ಜಾಗದ ಮೇಲೆ ಹಾಸಿದಳು, ಮೆಲ್ಲಗೆ ಒತ್ತಿದಳು. ಏನೂ ಇಲ್ವಲ್ಲ ಎಂದು ಅವಳು ಕೇಳಲಿಲ್ಲ. ಅಷ್ಟಕ್ಕೇ ಹಗ್ಗದವಳ ಕಣ್ಣು ತುಂಬಿ ಬಂತು.

ಗಾಯ ಮಾಗಿದ ಮೇಲೆ ಅವಳು ಹೂಳುವಾತನ ಮನೆಗೆ ಹೋದಳು. ಕೊಟ್ಟ ಕೈಗಳನ್ನು ಬಟ್ಟೆಯಲ್ಲಿ ಸುತ್ತಿ ಮಣ್ಣಿಗೆ ಹಾಕುವುದು ಅವನ ಕೆಲಸ. ಸುತ್ತುವ ಮೊದಲು ಬೆರಳುಗಳನ್ನು ಬಿಡಿಸಿ, ಬಾಗಿಲ ಮೇಲಿನ ಕೈಯಂತೆ ತೆರೆದಿಡಬೇಕೆಂಬುದು ನಿಯಮ. ಅವನು ಮನೆಯ ಮುಂದೆ ಕೂತು ಹಾರೆಗೆ ಎಣ್ಣೆ ಹಚ್ಚುತ್ತಿದ್ದ.

“ನನ್ನ ಕೈ ಹೇಗಿತ್ತಣ್ಣಾ?” ಎಂದು ಕೇಳಿದಳು.

“ಕೈ ಹೇಗಿರುತ್ತೆ? ಕೈ ಥರಾನೇ ಇತ್ತು.”

“ಬೆರಳು ಬಿಡಿಸಿ ಹೂತಿದ್ದೀಯಾ?”

“ನಿಯಮ ಅಲ್ವಾ. ಎಲ್ಲರದ್ದೂ ಬಿಡಿಸಿಯೇ ಹೂಳೋದು.” ಅವನು ಹಾರೆಯಿಂದ ಕಣ್ಣೆತ್ತಲಿಲ್ಲ. “ಹೋಗವ್ವಾ, ಹೊತ್ತಾಯ್ತು.”

ಅಲ್ಲಿಂದ ಅವಳು ಕೇಳುವಾತನ ಜಗಲಿಗೆ ಹೋದಳು. ಕೇಳುವಾತ ಕೆಟ್ಟವನಲ್ಲ. ಅವಳನ್ನು ಕೂರಿಸಿದ, ಮಜ್ಜಿಗೆ ತರಿಸಿದ, ಮಾತನ್ನು ಕೊನೆಯ ತನಕ ಕೇಳಿದ. ಆಮೇಲೆ ತುಂಬ ಮೆತ್ತಗೆ ಹೇಳಿದ:

“ನೋಡಮ್ಮ, ನೋಯೋದಕ್ಕೆ ಒಂದು ಕೈ ಬೇಕು. ನಿನಗೆ ಆ ಕೈ ಇಲ್ಲ. ಹಾಗಾದರೆ ನೋಯ್ತಿರೋದು ಏನು? ನಿನ್ನ ಮನಸ್ಸು. ಮನಸ್ಸು ಇನ್ನೂ ಪೂರ್ತಿ ಕೊಟ್ಟಿಲ್ಲ. ಅದನ್ನೂ ಕೊಟ್ಟುಬಿಡು, ಹಗುರಾಗ್ತೀಯ.”

“ಸ್ವಾಮಿ, ಹೂತ ಕೈಯನ್ನ ತೆಗೆದು ಒಂದು ಸಾರಿ ಬೆರಳು ಬಿಡಿಸಿ ಇಟ್ಟರೆ ಸಾಕು. ನನಗೆ ಬೇರೇನೂ ಬೇಡ. ಮತ್ತೆ ಅಲ್ಲೇ ಮುಚ್ಚಿಬಿಡಿ.”

“ತೆರೆದ ಕೈಯನ್ನ ಮತ್ತೆ ತೆರೆಯೋದೆಂಥದು ತಾಯಿ?” ಅವನು ನಕ್ಕ. “ನಿಮ್ಮವ್ವನೂ ಸಾಲಲ್ಲಿ ನಿಂತಿದ್ದಳು. ಒಂದು ದಿನಾನೂ ಹೀಗಂದವಳಲ್ಲ.”

ಮಜ್ಜಿಗೆಯನ್ನು ಅವಳು ಮುಟ್ಟಲಿಲ್ಲ. ಜಗಲಿಯಿಂದ ಇಳಿದು ಬರುವಾಗ ಅವಳ ಇಲ್ಲದ ಮುಷ್ಟಿ ಇನ್ನಷ್ಟು ಬಿಗಿಯಿತು. ಗಾಯ ಮಾಡಿದವರನ್ನು ಅವಳು ಆ ತನಕ ದೂರಿರಲಿಲ್ಲ. ಆದರೆ ಗಾಯ ಮಾಡಿ, ಅದನ್ನು ಉಡುಗೊರೆ ಎಂದು ಕರೆದು, ಆಮೇಲೆ ನೋವನ್ನೂ ನಿನ್ನದೇ ತಪ್ಪು ಎಂದು ಒಪ್ಪಿಸುವುದು, ಅದೂ ಅಷ್ಟು ಮೆತ್ತನೆಯ ದನಿಯಲ್ಲಿ, ಅದನ್ನು ಅವಳಿಂದ ನುಂಗಲಾಗಲಿಲ್ಲ.

ದಾರಿಯಲ್ಲಿ ಒಂಟಿಕಾಲಿನ ಅಜ್ಜ ಕಟ್ಟೆಯ ಮೇಲೆ ಕೂತಿದ್ದ. ಬಹಳ ಹಿಂದೆ ರಾಟೆಗೆ ಕಾಲು ಕೊಟ್ಟವನು. ಅವನು ಬಗ್ಗಿ, ತನ್ನ ಕಾಲಿಲ್ಲದ ಕಡೆ ಗಾಳಿಯನ್ನು ಕೆರೆಯುತ್ತಿದ್ದ. ಅವಳನ್ನು ಕಂಡು ಕೈ ಹಿಂದಕ್ಕೆಳೆದುಕೊಂಡ.

“ಏನಜ್ಜಾ, ಏನು ಕೆರೀತಿದ್ದೆ?”

“ಸೊಳ್ಳೆ ಕಣೆ.”

“ಎಲ್ಲಿ ಕೂತಿತ್ತು ಸೊಳ್ಳೆ?”

ಅಜ್ಜ ಆಚೀಚೆ ನೋಡಿದ. “ಹೆಬ್ಬೆಟ್ಟಿನ ಮೇಲೆ,” ಎಂದು ಪಿಸುಗುಟ್ಟಿದ. “ಹಾಳಾದ್ದು, ಕಾಲು ಹೋಯ್ತು, ತುರಿಕೆ ಬಿಟ್ಟು ಹೋಯ್ತು. ಮೋಡ ಕಟ್ಟಿದ್ರೆ ಮೊದಲು ಆ ಮೊಣಕಾಲಿಗೇ ಗೊತ್ತಾಗೋದು. ನನ್ನ ಹೆಂಡತಿ ಒಗೆದ ಬಟ್ಟೆ ಒಳಗೆ ತರೋದೇ ಅದನ್ನ ಕೇಳಿ!”

“ಮತ್ತೆ ಕೇಳುವ ದಿನ ಏನಂತೀಯ?”

“ಏನಂತಾರೋ ಅದನ್ನೇ ಅಂತೀನಿ. ಕೊಡ ತುಂಬಬೇಕಲ್ಲ ಮಗಾ.”

ಹಾಗೆ ಅವಳು ಒಬ್ಬೊಬ್ಬರನ್ನೇ ನೋಡುತ್ತ ಹೋದಳು. ಕೈಯಿಲ್ಲದ ಕುಂಬಾರ ಮಣ್ಣಿನ ಮುಂದೆ ಕೂತು ಗಾಳಿಯನ್ನು ತಿದ್ದುತ್ತಿದ್ದ. ಬೆರಳಿಲ್ಲದ ಹೆಂಗಸು ಸಂಜೆಯಾದರೆ ಇಲ್ಲದ ಉಂಗುರವನ್ನು ತಿರುಗಿಸುತ್ತಿದ್ದಳು. ಎಲ್ಲರ ಮನೆಯಲ್ಲೂ ಒಂದು ಒದ್ದೆ ಬಟ್ಟೆ ಇತ್ತು. ಎಲ್ಲರ ಚಾಪೆಯಲ್ಲೂ ಒಂದಿಷ್ಟು ಬಿಟ್ಟ ಜಾಗವಿತ್ತು. ಇಡೀ ಊರು ಬಾಗಿಲು ಹಾಕಿಕೊಂಡು, ಬರಿದಾದ ಜಾಗವನ್ನು ಒತ್ತುತ್ತ ಕೂತಿತ್ತು. ಬಾಗಿಲು ತೆರೆದು ಹೊರಗೆ ಬಂದರೆ, ನೋಯುವುದಿಲ್ಲ ಎಂದು ಹಾಡುತ್ತಿತ್ತು.

ಕೇಳುವ ದಿನ ಹತ್ತಿರ ಬಂತು. ಅಂದು ಸಾಲು ಮುಗಿದ ಮೇಲೆ ಹಗ್ಗ ಕೂರಿಸುವ ಕೆಲಸವನ್ನು ತಂಗಿಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು. ಅದೇ ಮನೆ, ಮುಂದಿನ ಕೈ. ಆ ದಿನ ಬೆಳಿಗ್ಗೆ ಊರ ಹೆಂಗಸರು ಬಂದು ತಂಗಿಯ ಬಲಗೈಗೆ ಮೊಣಕೈಯ ತನಕ ಅರಿಶಿನ ಹಚ್ಚಿದರು, ಹಾಡು ಹೇಳಿದರು, ಬಳೆ ಕಳಚಿದರು. ತಂಗಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಅಂಗೈ ಚಿಕ್ಕದು, ಬೆರಳು ಉದ್ದ. ನಾರು ಹೊಸೆಯುವಾಗ ಆ ಬೆರಳುಗಳು ಹಾಡುವವರ ತುಟಿಯಂತೆ ಚುರುಕಾಗಿ ಆಡುತ್ತಿದ್ದವು.

“ಅಕ್ಕಾ, ನಾನು ಹುಷಾರಾಗಿರ್ತೀನಿ,” ಎಂದಳು ತಂಗಿ.

“ನಾನೂ ಹುಷಾರಾಗಿದ್ದೆ,” ಎಂದಳು ಹಗ್ಗದವಳು. “ಅವ್ವನೂ.”

ಅಂಗಳದಲ್ಲಿ ಸಾಲು ನಿಂತಿತು. ತಮಟೆ ಬಡಿಯಿತು. ದೂರದಲ್ಲಿ ರಾಟೆ ಕಿರ್‌ಗುಟ್ಟುತ್ತಿತ್ತು. ಕೇಳುವಾತ ಬಿಳಿ ಪಂಚೆಯುಟ್ಟು ಒಬ್ಬೊಬ್ಬರ ಮುಂದೆಯೂ ನಿಂತ.

“ಕೊಟ್ಟದ್ದು ನೋಯುತ್ತದೆಯೇ?”

“ಕೊಟ್ಟದ್ದು ನೋಯುವುದಿಲ್ಲ.”

ತಮಟೆ. ನೀರು.

“ಕೊಟ್ಟದ್ದು ನೋಯುತ್ತದೆಯೇ?”

“ಕೊಟ್ಟದ್ದು ನೋಯುವುದಿಲ್ಲ.”

ತಮಟೆ. ನೀರು.

ಹಗ್ಗದವಳ ಮುಂದೆ ಬಂದ. “ಕೊಟ್ಟದ್ದು ನೋಯುತ್ತದೆಯೇ?”

“ನೋಯುತ್ತದೆ,” ಎಂದಳು.

ತಮಟೆಯವನು ಅಭ್ಯಾಸಬಲದಿಂದ ಒಂದು ಪೆಟ್ಟು ಹಾಕಿ, ಹೆದರಿ, ಚರ್ಮದ ಮೇಲೆ ಅಂಗೈ ಇಟ್ಟ. ಕೇಳುವಾತ ತಪ್ಪು ಕೇಳಿಸಿತೇನೋ ಎಂಬಂತೆ ಇನ್ನೊಮ್ಮೆ ಕೇಳಿದ. ಅವಳು ಇನ್ನೊಮ್ಮೆ ಹೇಳಿದಳು.

“ನಾನು ಕೊಡಲಿಲ್ಲ ಸ್ವಾಮಿ. ಗೂಟ ಹಾಕಿ ಅಂತ ಕೂಗಿದೆ. ಇಲ್ಲಿ ನಿಂತಿರೋರೆಲ್ಲ ಕೇಳಿಸಿಕೊಂಡರು. ಕೈಮುಗಿದುಕೊಂಡು ಕೇಳಿಸಿಕೊಂಡರು.”

“ನಿನ್ನೊಬ್ಬಳ ಮಾತಿಗೆ ಊರು ಬಾಯಾರಬೇಕೇನಮ್ಮ?”

“ಬಾಯಾರೋದಿಲ್ಲ. ಒಂದು ಗೇಣು ಇಳಿಯುತ್ತೆ. ಒಂದು ಗೇಣು ನೀರಿಗೆ ಒಂದು ಕೈ ತಗೊಳ್ತೀರಿ, ತಗೊಂಡ ಮೇಲೆ ಕೊಟ್ಟೆ ಅನ್ನಿಸ್ತೀರಿ. ಇವತ್ತು ನನ್ನ ತಂಗಿಯ ಕೈಗೆ ಅರಿಶಿನ ಹಚ್ಚಿದ್ದೀರಿ. ಬಾಗಿಲ ಮೇಲೆ ಬರೆದಿರೋ ಎರಡನೇ ಮಾತು ಓದಿ. ಆಮೇಲೆ ಮೂರನೆಯದನ್ನೂ ಓದಿ.”

ಊರು ಒಟ್ಟಾಗಿ ಗದರಿತು. ‘ಸೊಕ್ಕು ನೋಡಿ’ ಎಂದರು, ‘ಅವ್ವನ ಹೆಸರು ಕೆಡಿಸಿದಳು’ ಎಂದರು. ಕೇಳುವಾತ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಬಾಗಿಲ ಮೇಲಿನ ಕಲ್ಲಿನ ಕೈಯನ್ನು ದಿನವೂ ನೋಡಿ ನೋಡಿ, ಮಣ್ಣಿನೊಳಗಿನ ಕೈಗಳೂ ಹಾಗೇ ಇವೆಯೆಂದು ಅವನು ನಿಜವಾಗಿ ನಂಬಿದ್ದ. ಆ ನಂಬಿಕೆಯಿಂದಲೇ ಅವನು ಆ ಮಾತು ಆಡಿದ.

“ಸರಿ. ಎಲ್ಲರ ಎದುರಿಗೇ ತೀರ್ಮಾನವಾಗಲಿ. ಕೊಟ್ಟ ಕೈ ತೆರೆದಿರುತ್ತದೆ, ತೆರೆದ ಕೈ ನೋಯುವುದಿಲ್ಲ. ಹೂಳುವಾತಾ, ಅವಳ ಕೈ ತೆಗೆ. ತೆಗೆದು ಅವಳಿಗೇ ತೋರಿಸು.”

ಹೂಳುವಾತನ ಕೈಯಿಂದ ಹಾರೆ ಜಾರಿತು. “ಬೇಡ ಒಡೆಯಾ.”

“ಯಾಕೆ?”

“ಬೇಡ. ದಮ್ಮಯ್ಯ.”

“ತೆಗೆ,” ಎಂದ ಕೇಳುವಾತ.

ಆ ಅಂಗಳದ್ದು ಉಪ್ಪುಮಣ್ಣು. ಅದರಲ್ಲಿ ಹೂತದ್ದು ಕೊಳೆಯುತ್ತಿರಲಿಲ್ಲ, ಒಣಗುತ್ತಿತ್ತು. ಹೂಳುವಾತ ಅಗೆದ. ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿದ.

ಅದು ಮುಷ್ಟಿ. ಒಣಗಿ ಕಪ್ಪಾಗಿ, ಕಲ್ಲಿನಂತೆ ಗಟ್ಟಿಯಾಗಿ, ಬಿಗಿದ ಮುಷ್ಟಿ. ಬೆರಳುಗಳ ಸಂದಿಯಿಂದ ರಾಟೆಯ ಹಗ್ಗದ ನಾರು ಹೊರಗೆ ಇಣುಕುತ್ತಿತ್ತು.

ಕೇಳುವಾತ ಹೂಳುವಾತನನ್ನು ನೋಡಿದ. “ಇದೊಂದೇ ಹೀಗಿರಬೇಕು. ಪಕ್ಕದ್ದು ತೆಗೆ.”

ಪಕ್ಕದ್ದೂ ಮುಷ್ಟಿ. ಅದರಾಚೆಯದೂ ಮುಷ್ಟಿ. ಕಾಲೊಂದು ಸಿಕ್ಕಿತು, ಅದರ ಬೆರಳುಗಳು ನೆಲವನ್ನು ಕಚ್ಚಿ ಹಿಡಿದಂತೆ ಒಳಗೆ ಮಡಚಿಕೊಂಡಿದ್ದವು. ಒಂಟಿಕಾಲಿನ ಅಜ್ಜ ಕೋಲೂರಿಕೊಂಡು ಹತ್ತಿರ ಬಂದು ಬಗ್ಗಿ ನೋಡಿದ. “ನೋಡ್ರೋ, ಹೆಬ್ಬೆಟ್ಟು!” ಎಂದ. “ನಾನು ಬಡ್ಕೋತಿರಲಿಲ್ವಾ, ಇದು ಸುಮ್ಮನೆ ಬಿದ್ದಿಲ್ಲ ಅಂತ!” ಅವನು ಯಾರ ಹತ್ತಿರವೂ ಬಡಿದುಕೊಂಡಿರಲಿಲ್ಲ. ಆ ಮಾತನ್ನು ಹೇಳುತ್ತ ಹೇಳುತ್ತಲೇ ಅವನು ಅಳತೊಡಗಿದ.

ಹಾರೆ ಇಳಿದಲ್ಲೆಲ್ಲ ಮುಷ್ಟಿಗಳೇ ಎದ್ದವು. ತೆರೆದ ಕೈ ಇಡೀ ಅಂಗಳದಲ್ಲಿ ಒಂದೇ ಒಂದಿತ್ತು, ಬಾಗಿಲ ಮೇಲೆ, ಕಲ್ಲಿನದು.

“ಬಿಡಿಸಕ್ಕೆ ಆಗ್ತಿರಲಿಲ್ಲ ಒಡೆಯಾ,” ಎಂದ ಹೂಳುವಾತ ನೆಲದ ಮೇಲೆ ಕುಸಿದು. “ನಮ್ಮಪ್ಪನಿಗೂ ಆಗಲಿಲ್ಲ. ಒಬ್ಬರದ್ದೂ ಬಿಡಿಸಕ್ಕೆ ಆಗಲಿಲ್ಲ. ಹಂಗೇ ಸುತ್ತಿ ಹಾಕಿಬಿಟ್ವಿ.”

ಹಗ್ಗದವಳು ಒಂದು ಚಿಕ್ಕ ಮುಷ್ಟಿಯ ಮುಂದೆ ಕೂತಿದ್ದಳು. ಅದರ ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆಯ ಚೂರೊಂದು ಕಚ್ಚಿಕೊಂಡಿತ್ತು. ಆ ಬಳೆ ಅವಳಿಗೆ ಗೊತ್ತಿತ್ತು, ಅರಿಶಿನದ ದಿನ ಕಳಚಿದ್ದನ್ನು ಅವ್ವ ಮತ್ತೆ ತೊಟ್ಟುಕೊಂಡಿದ್ದಳು. ವರ್ಷ ವರ್ಷವೂ ಈ ಅಂಗಳದಲ್ಲಿ ನಿಂತು, ಪಕ್ಕದಲ್ಲಿ ಕೊಡ ಹಿಡಿದ ಇಬ್ಬರು ಮಕ್ಕಳನ್ನು ನಿಲ್ಲಿಸಿಕೊಂಡು, ನೋಯುವುದಿಲ್ಲ ಎಂದು ಹೇಳಿದ ಅವ್ವ. ಮನೆಗೆ ಬಂದು, ಮೆಲ್ಲಗೆ ಒತ್ತು ಮಗಾ ಎಂದ ಅವ್ವ. ಅಷ್ಟೂ ವರ್ಷ ಅವಳ ಕೈ ಇಲ್ಲಿ, ಅವಳ ಪಾದದಡಿಯಲ್ಲೇ, ಹೀಗೆ ಮುಷ್ಟಿ ಬಿಗಿದುಕೊಂಡು ಬಿದ್ದಿತ್ತು.

ಕೇಳುವಾತ ಮುಷ್ಟಿಗಳ ನಡುವೆ ನಡೆದು ಬಂದ. ಆಮೇಲೆ ಅವನೂ ಮಂಡಿಯೂರಿ ಹಗ್ಗದವಳ ಎದುರು ಕೂತ. ದನಿ ಮೊದಲಿನಂತೆಯೇ ಮೆತ್ತಗಿತ್ತು.

“ತಾಯಿ, ನೀನು ಕೇಳಿದ್ದು ಇದನ್ನೇ ಅಲ್ವಾ? ಬೆರಳು ಬಿಡಿಸಿ ಅಂತ. ತಪ್ಪಾಯ್ತು, ಬಿಡಿಸೋಣ. ಎಣ್ಣೆ ಹಾಕಿ, ಬಿಸಿನೀರು ಹಾಕಿ, ಒಂದೊಂದೇ ಬೆರಳು ಬಿಡಿಸೋಣ. ನಿನ್ನದು, ನಿಮ್ಮವ್ವನದು, ಎಲ್ಲರದ್ದೂ. ನೋವು ಇವತ್ತೇ ಹೋಗುತ್ತೆ. ತೆರೆದಿಟ್ಟು ಮುಚ್ಚಿಬಿಡೋಣ.”

ಅವನು ಅವಳ ಒಣಗಿದ ಮುಷ್ಟಿಯತ್ತ ಕೈ ಚಾಚಿದ.

ಹಗ್ಗದವಳಿಗೆ ಆ ಕ್ಷಣ ಮೈಯೆಲ್ಲ ಆಸೆಯಾಯಿತು. ಉರಿ ಇಳಿದರೆ ಹೇಗಿರುತ್ತದೆ, ಒಂದು ರಾತ್ರಿ ಪೂರ್ತಿ ನಿದ್ದೆ ಬಂದರೆ ಹೇಗಿರುತ್ತದೆ ಎಂದು ನೆನೆದಳು. ಆಮೇಲೆ, ತೆರೆದಿಟ್ಟ ಮೇಲೆ, ಅದು ಕೊಟ್ಟ ಕೈಯಾಗುತ್ತದೆ. ಬಾಗಿಲ ಮೇಲಿನ ಕೈಯಂತೆ. ನಾಳೆ ಹುಟ್ಟುವವರು ಅಗೆದು ನೋಡಿದರೂ ತೆರೆದ ಕೈಗಳೇ ಸಿಗುತ್ತವೆ. ರಾಟೆ ತಿರುಗುತ್ತದೆ. ಆಚೆ ಅರಿಶಿನ ಹಚ್ಚಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂಗಿ ನಿಂತಿದ್ದಳು.

“ಮುಟ್ಟಬೇಡಿ,” ಎಂದಳು.

“ನೋಯುತ್ತೆ ಅಂದೆಯಲ್ಲಮ್ಮ!”

“ನೋಯಲಿ.”

ಎಡಗೈಯಿಂದ ಅವಳು ಅವ್ವನ ಮುಷ್ಟಿಯನ್ನೂ ತನ್ನ ಮುಷ್ಟಿಯನ್ನೂ ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. “ಯಾರದ್ದೂ ಬಿಡಿಸಬೇಡಿ. ಇವು ಹೇಗಿದ್ದವೋ ಹಾಗೇ ಇರಲಿ, ಮೇಲೆ ಇರಲಿ. ಮಣ್ಣು ಮುಚ್ಚಬೇಡಿ.”

ಆಗ ದೂರದಿಂದ ಆ ಸದ್ದು ಬಂತು. ಆ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸದ್ದು: ಹಗ್ಗ ಜಾಡು ತಪ್ಪಿ ಮರವನ್ನು ಉಜ್ಜುವ ಸದ್ದು. ಅಭ್ಯಾಸದಂತೆ ಎಲ್ಲರೂ ತಂಗಿಯ ಕಡೆ ತಿರುಗಿದರು. ಕೆಲವರ ಕೈಗಳು ಆಗಲೇ ಮುಗಿಯಲು ಮೇಲೇಳುತ್ತಿದ್ದವು.

ತಂಗಿ ಓಡಿದಳು. ರಾಟೆಯ ಬಳಿಗೆ ಹೋದಳು, ಆದರೆ ಹಗ್ಗದ ಕಡೆ ಕೈ ಚಾಚಲಿಲ್ಲ. ಗೋಡೆಯ ಕಡೆ ಚಾಚಿದಳು. ಹಾರ ಹರಿದು ಬಿತ್ತು. ಗೂಟವನ್ನು ಇಳಿಸಿ, ಎರಡೂ ಕೈಯಿಂದ ಎತ್ತಿ, ಕಡ್ಡಿಗಳ ನಡುವೆ ತೂರಿಸಿದಳು. ರಾಟೆ ಒಮ್ಮೆ ಅರಚಿ ನಿಂತಿತು. ಎತ್ತುಗಳು ನಿಂತವು. ಆ ಊರಿನವರು ಯಾರೂ ಹುಟ್ಟಿದಾಗಿನಿಂದ ಕೇಳದ ಮೌನವೊಂದು ಗುಡ್ಡದ ಮೇಲೆ ಇಳಿಯಿತು.

ತೊಟ್ಟಿಯ ನೀರು ಇಳಿಯಿತು. ಒಂದು ಗೇಣು ಇಳಿದು ನಿಂತಿತು. ಕಲ್ಲಿನ ಮೇಲೆ ಒದ್ದೆಯ ಗೆರೆಯೊಂದು ಉಳಿಯಿತು. ಇಷ್ಟಕ್ಕೇ ಆಗಿತ್ತು ಎಲ್ಲ. ಜನ ಆ ಗೆರೆಯನ್ನು ನೋಡಿದರು, ಅಂಗಳದ ತುಂಬ ಬಿದ್ದ ಮುಷ್ಟಿಗಳನ್ನು ನೋಡಿದರು. ಕೇಳುವಾತ ಎರಡನ್ನೂ ನೋಡಲಿಲ್ಲ.

ತಂಗಿ ನಿಂತ ಹಗ್ಗವನ್ನು ನಿಧಾನವಾಗಿ, ನೆಟ್ಟಗೆ, ಜಾಡಿನಲ್ಲಿ ಕೂರಿಸಿದಳು. ತೊಟ್ಟಿಯಲ್ಲಿ ಸೆರಗಿನ ತುದಿಯನ್ನು ಅದ್ದಿಕೊಂಡು ಅಂಗಳಕ್ಕೆ ಬಂದಳು. ಅರಿಶಿನದ ಕೈ ಹಾಗೆಯೇ ಇತ್ತು, ಐದೂ ಬೆರಳೂ ಇದ್ದವು. ಅಕ್ಕನ ಮುಂದೆ ಕೂತು, ಒದ್ದೆ ಸೆರಗನ್ನು ಮೊದಲು ಅವ್ವನ ಮುಷ್ಟಿಯ ಮೇಲೆ, ಆಮೇಲೆ ಅಕ್ಕನ ಮುಷ್ಟಿಯ ಮೇಲೆ ಹಾಸಿ, ಮೆಲ್ಲಗೆ ಒತ್ತಿದಳು.

“ನೋಯುತ್ತಾ ಅಕ್ಕಾ?” ಎಂದು ಕೇಳಿದಳು. ಕೇಳಿ, ಉತ್ತರಕ್ಕೆ ಕಾದಳು.

“ನೋಯುತ್ತೆ,” ಎಂದಳು ಹಗ್ಗದವಳು.

ಸಾಲಿನಲ್ಲಿ ನಿಂತಿದ್ದವರು ತಂತಮ್ಮ ಕೊಡಗಳನ್ನು ಕೆಳಗಿಟ್ಟರು. ಹಿಂದಿನಿಂದ ಯಾರೋ ಗೂಟ ತೆಗೀರಿ ಎಂದರು. ತೆಗೆಯಲು ಯಾರೂ ಹೋಗಲಿಲ್ಲ.